ಸದ್ದಿಗೆಷ್ಟು ಲೀಟರು

ದೊಲೋನ್ ಘಾಟಿಯ ಮೂರನೆಯ ತಿರುವಿನಲ್ಲಿ
ಐದು ಟನ್ನು ಕಲ್ಲಿದ್ದಲು ಹೊತ್ತ ನಮ್ಮ ಜಿಲ್ ಲಾರಿ
ಒಮ್ಮೆ ಕೆಮ್ಮಿತು. ಆಮೇಲೆ ಮಾತಿಲ್ಲ.
ಆರನೆಯ ಸಿಲಿಂಡರಿನ ರಾಡು
ಹೊಟ್ಟೆ ಸೀಳಿಕೊಂಡು ಹೊರಗಿಣುಕಿತಂತೆ.
"ಕೈ ತೂರುವಷ್ಟು ತೂತು" ಎಂದ ಶರ್ಶೆನ್,
ಎಂದು ತನ್ನ ಕೈಯನ್ನೇ ನೋಡುತ್ತ ಕೂತ.

ಈಗ ಮಿಡಿನನ ಶೆಡ್ಡಿನ ನೆಲದ ಮೇಲೆ ಮೂರಿವೆ.
ಕುದುರೆಯಾಗಿದ್ದರೆ ತುಟಿ ಎತ್ತಿ ಹಲ್ಲೆಣಿಸುತ್ತಿದ್ದ ನನ್ನ ಗಂಡ.
ಇವಕ್ಕೆ ಪ್ಲಗ್ಗು ಬಿಚ್ಚಿ, ಟಾರ್ಚು ಬಿಟ್ಟು,
ಒಂದು ಕಣ್ಣು ಮುಚ್ಚುತ್ತಾನೆ.

ಮೊದಲನೆಯದು ಅದೇ ಕುಲ, ಅದೇ ಎಂಟು ಸಿಲಿಂಡರು.
ಬೆಂಕಿ ಆರಿಸುವ ಲಾರಿಯಿಂದ ಇಳಿಸಿದ್ದು.
ಸುಡಲು ಹೆಚ್ಚೇನೂ ಇಲ್ಲದ ಊರಿನಲ್ಲಿ
ಮೂವತ್ತು ವರ್ಷ ಬೆಂಕಿಯ ದಾರಿ ಕಾದು
ಓಡಿದ್ದು ಬರೀ ಒಂಬತ್ತು ಸಾವಿರ ಕಿಲೋಮೀಟರು.
ದಿನಾ ಬೆಳಿಗ್ಗೆ ಐದು ನಿಮಿಷ ಗುಡುಗಿ
ಮತ್ತೆ ಮಲಗುತ್ತಿತ್ತಂತೆ.
"ಕನ್ಯೆ!" ಎಂದ ಮಿಡಿನ್.
"ರಬ್ಬರಿಗೆ ಓಡಿದರೂ ವಯಸ್ಸಾಗುತ್ತೆ, ಕೂತರೂ ಆಗುತ್ತೆ"
ಎಂದೆ ನಾನು. ಯಾರೂ ಕೇಳಿಸಿಕೊಳ್ಳಲಿಲ್ಲ.

ಎರಡನೆಯದು ಮಿನ್ಸ್ಕಿನ ಟ್ರ್ಯಾಕ್ಟರಿನದು. ಡೀಸೆಲ್ಲು. ನಾಲ್ಕೇ.
ಪಂಪಿನ ಬುಡದಲ್ಲಿ ಒಣಮಣ್ಣು,
ಮಣ್ಣಿನಲ್ಲೊಂದು ಗೋದಿ ಕಾಳು.
ನಡುಗುತ್ತೆ, ಅದರ ಸ್ವಭಾವ.
ಬೋಲ್ಟು ಬೋಲ್ಟೂ ಹಲ್ಲು ಕಟಕಟಿಸುತ್ತೆ,
ಕನ್ನಡಿಯಲ್ಲಿ ಹಿಂದಿನ ರಸ್ತೆ ಎರಡಾಗಿ ಕಾಣುತ್ತೆ.
ಜನವರಿಯಲ್ಲಿ ಡೀಸೆಲ್ಲು ಗಂಜಿಯಾದರೆ
ಟ್ಯಾಂಕಿನಡಿ ಮಲಗಿ ಸ್ಟೋವು ಊದಬೇಕು.
ಆದರೆ ನೂರು ಕಿಲೋಮೀಟರಿಗೆ ಹದಿನೆಂಟು.
ನಮ್ಮ ಸತ್ತ ಎಂಜಿನ್ನು ನಲವತ್ತು ಕುಡಿಯುತ್ತಿತ್ತು,
ಅದೂ ಇಳಿಜಾರಿನ ಮರ್ಯಾದೆಗೆ.

ಮೂರನೆಯದು ತೊರುಗಾರ್ತ್ ಗಡಿ ದಾಟಿ
ಪ್ಲೈವುಡ್ಡಿನ ಪೆಟ್ಟಿಗೆಯಲ್ಲಿ ಬಂದದ್ದು.
ಮೊಳೆ ಕಿತ್ತರೆ ಹೊಸ ಬಣ್ಣದ ವಾಸನೆ,
ಜೊತೆಗೆ ಅಂಗೈಯಗಲದ ಮಿದುಳು, ನಲವತ್ತು ತಂತಿ.
"ಇದು ಮುನಿಸಿಕೊಂಡರೆ ಸುತ್ತಿಗೆಯ ಮಾತು ಕೇಳಲ್ಲ"
ಎಂದ ಮಿಡಿನ್, ಪೆಟ್ಟಿಗೆ ಮುಚ್ಚಿದ.
ಬೆಲೆ ಕೇಳುವ ಕಷ್ಟವೂ ತಪ್ಪಿತು.

ಮಗಳ ಗಣಿತದ ಪುಸ್ತಕದ ಕೊನೆಯ ಹಾಳೆ.
ಟ್ರಿಪ್ಪಿಗಿಷ್ಟು ಟನ್ನು, ಟನ್ನಿಗಿಷ್ಟು ಸೋಮ್,
ಲೀಟರಿನಿಂದ ಲೀಟರು ಕಳೆದೆ.
ಎರಡು ಚಳಿಗಾಲ. ಆಮೇಲೆ ಉಳಿಯುವುದೆಲ್ಲ ನಮ್ಮದೇ.
ಶರ್ಶೆನ್ ಹಾಳೆ ನೋಡಲಿಲ್ಲ.
ಬೆಂಕಿಲಾರಿಯ ಎಂಜಿನ್ನಿನ ನೆತ್ತಿಯ ಮೇಲೆ ಕೈಯಿಟ್ಟು
"ಇದರ ಸದ್ದು..." ಎಂದ.
"ಸದ್ದಿಗೆಷ್ಟು ಲೀಟರು?" ಎಂದೆ.

ಎಂದವಳಿಗೆ ಗೊತ್ತಿತ್ತು.
ಹತ್ತೊಂಬತ್ತು ವರ್ಷ,
ಕೆಳಗಿನ ಸೇತುವೆಗೆ ಅದು ಬಂದೊಡನೆ
ಎಂಟು ಗಂಟಲು ಒಂದಾಗಿ ಹೂಂಗುಟ್ಟುತ್ತಿದ್ದವು.
ಅಕ್ತೋಶ್ ನಾಯಿ ಕಿವಿ ನಿಮಿರಿಸಿ ಏಳುತ್ತಿತ್ತು,
ನಾನು ಒಲೆಗೆ ಕೆಟಲು ಏರಿಸುತ್ತಿದ್ದೆ.
ಅವನು ಕರಿ ಕೈ ತೊಳೆಯುವಷ್ಟರಲ್ಲಿ ಚಹಾ.
ಎಷ್ಟು ಹೊತ್ತಿಗೆ ಬರ್ತೀಯ ಎಂದು
ಒಂದು ದಿನವೂ ಕೇಳಿದವಳಲ್ಲ.
ಇದನ್ನು ಹಾಳೆಯಲ್ಲಿ ಬರೆದಿರಲಿಲ್ಲ.
ಬರೆದಿದ್ದರೂ ಮೊತ್ತ ಬದಲಾಗುತ್ತಿರಲಿಲ್ಲ, ಬಿಡಿ.

ಮಿನ್ಸ್ಕಿನದೇ ಕೂತಿತು.
ಗೇರ್‌ಬಾಕ್ಸಿಗೂ ಅದಕ್ಕೂ ಹೊಂದಿಕೆಯಾಗದೆ ನಡುವೆ
ಎರಡು ಬೆರಳು ದಪ್ಪದ ತಟ್ಟೆ ಕಡೆಸಬೇಕಾಯಿತು.
ಬಾನೆಟ್ಟು ಪೂರ್ತಿ ಮುಚ್ಚುವುದಿಲ್ಲ,
ತಂತಿ ಕಟ್ಟಿದ್ದೇವೆ.
ಹಳೆಯದರ ಒಂದು ಪಿಸ್ಟನ್ನು ಮನೆಗೆ ಬಂತು.
ಅತ್ತೆ ಅದರಲ್ಲಿ ಅಕ್ರೋಟು ಒಡೆಯುತ್ತಾರೆ.

ಮೊದಲ ಸಂಜೆ ಸೇತುವೆಯ ಹತ್ತಿರ ಟಕಟಕ ಕೇಳಿತು.
ಯಾರೋ ಟ್ರ್ಯಾಕ್ಟರಿನವರು ಹುಲ್ಲು ಕೇಳಲು ಬಂದರೆಂದು
ನಾನು ಹಿಟ್ಟು ನಾದುತ್ತಲೇ ಇದ್ದೆ.
ಅಕ್ತೋಶ್ ಓಡಿಹೋಗಿ
ತಾನೇ ಮೂತ್ರ ಮಾಡಿ ಗುರುತಿಟ್ಟ ಚಕ್ರವನ್ನು ಬೊಗಳಿತು.
ಬಾಗಿಲು ತೆರೆಯಿತು. ಕೆಟಲು ತಣ್ಣಗಿತ್ತು.
"ಹದಿನೆಂಟೂವರೆ" ಎಂದ ಶರ್ಶೆನ್, ಹೊಸ್ತಿಲಲ್ಲೇ ನಿಂತು.
ಅವನ ಕೈ ಇನ್ನೂ ಸ್ಟೀರಿಂಗಿನ ಹಾಗೆ ನಡುಗುತ್ತಿತ್ತು.
"ಅರ್ಧ ಹೆಚ್ಚಾಯಿತು" ಎಂದೆ,
ಕಡ್ಡಿ ಗೀರಿದೆ.
ಹೊರಗೆ ನಾಯಿ ಬೊಗಳುತ್ತಲೇ ಇತ್ತು.